ಗೌಜಲಕ್ಕಿಯ ಆಹಾರದಲ್ಲಿ ಅಜೋಲಾ: ಒಣ ತೂಕದ ಲೆಕ್ಕ

1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತರಲಾದ ಜಪಾನಿ ಗೌಜಲಕ್ಕಿ ಭಾರತದ ಸಣ್ಣ ಸಾಕಣೆದಾರರಿಗೆ ಒಪ್ಪಿಗೆಯಾಗಲು ಅದರ ಬೆಳವಣಿಗೆಯ ವೇಗವೇ ಮುಖ್ಯ ಕಾರಣ. ಮೊಟ್ಟೆಯೊಡೆದು ಬರುವಾಗ ಏಳೆಂಟು ಗ್ರಾಂ ತೂಗುವ ಮರಿ ಐದು ವಾರಗಳಲ್ಲಿ ಇನ್ನೂರು ಗ್ರಾಂ ಸಮೀಪಿಸಿ ಮಾರಾಟಕ್ಕೆ ಸಿದ್ಧವಾಗುತ್ತದೆ, ಹೆಣ್ಣುಹಕ್ಕಿಯಾದರೆ ಆರೇಳು ವಾರಗಳಿಗೆ ಮೊಟ್ಟೆಯಿಡಲು ತೊಡಗುತ್ತದೆ. ಆದರೆ ಈ ವೇಗಕ್ಕೆ ತಕ್ಕ ಬೆಲೆಯೂ ಇದೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 1994ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ಬೆಳೆಯುವ ಗೌಜಲಕ್ಕಿಯ ಆಹಾರದಲ್ಲಿ ಶೇ. 24ರಷ್ಟು ಪ್ರೋಟೀನ್ ಇರಬೇಕು, ಪ್ರತಿ ಕಿಲೋ ಆಹಾರದಿಂದ ಸುಮಾರು 2,900 ಕಿಲೋ ಕ್ಯಾಲೊರಿ ಶಕ್ತಿ ದೊರೆಯಬೇಕು.

ಈ ಪ್ರೋಟೀನ್ ಬಹುಪಾಲು ಬರುವುದು ಸೋಯಾ ಹಿಂಡಿಯಿಂದ, ಅಂದರೆ ಸೋಯಾ ಅವರೆಯಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಭಾಗದಿಂದ. ಅದರ ಬೆಲೆ ಏರಿದಾಗಲೆಲ್ಲ ಕೋಳಿ ಮತ್ತು ಗೌಜಲಕ್ಕಿ ಸಾಕಣೆದಾರರ ಲೆಕ್ಕವೇ ತಲೆಕೆಳಗಾಗುತ್ತದೆ. 2021ರ ಆಗಸ್ಟ್‌ನಲ್ಲಿ ಬೆಲೆ ಎಷ್ಟು ಏರಿತ್ತೆಂದರೆ, ಕುಲಾಂತರಿ ಸೋಯಾದಿಂದ ತಯಾರಾದ 12 ಲಕ್ಷ ಟನ್ ಹಿಂಡಿಯ ಆಮದಿಗೆ ಕೇಂದ್ರ ಸರ್ಕಾರ ಅನುಮತಿ ನೀಡಬೇಕಾಯಿತು. ಸೋಯಾದ ಒಂದಂಶವನ್ನಾದರೂ ಮನೆಯಂಗಳದಲ್ಲೇ ಬೆಳೆದುಕೊಳ್ಳಬಹುದೇ ಎಂಬ ಪ್ರಶ್ನೆ ಅಜೋಲಾದತ್ತ ಗಮನ ಸೆಳೆಯುವುದು ಇಂಥ ಸಂದರ್ಭದಲ್ಲಿಯೇ.

ಅಜೋಲಾ ನಿಂತ ನೀರಿನ ಮೇಲೆ ತೇಲುವ ಪುಟ್ಟ ಜರೀಗಿಡ. ಅದರ ಎಲೆಗಳ ಒಳಗಿನ ಪೊಳ್ಳಿನಲ್ಲಿ ಅನಬೀನಾ ಎಂಬ ನೀಲಿ-ಹಸಿರು ಪಾಚಿ ನೆಲೆಸಿ, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತದೆ. ಚೀನಾ ಮತ್ತು ವಿಯೆಟ್ನಾಮಿನ ಭತ್ತದ ರೈತರು ಇದನ್ನು ಶತಮಾನಗಳಿಂದ ಹಸಿರುಗೊಬ್ಬರವಾಗಿ ಬಳಸಿದ್ದು ಈ ಗುಣಕ್ಕಾಗಿಯೇ. ಭಾರತದಲ್ಲಿ ಅದನ್ನು ಜಾನುವಾರುಗಳ ಆಹಾರವಾಗಿ ಹಳ್ಳಿಗಳಿಗೆ ತಲುಪಿಸುವಲ್ಲಿ ಕನ್ಯಾಕುಮಾರಿಯ ವಿವೇಕಾನಂದ ಕೇಂದ್ರದ ಪಾತ್ರ ದೊಡ್ಡದು. ಅಲ್ಲಿ ರೂಪುಗೊಂಡ ವಿಧಾನ ಸರಳವಾದದ್ದು: ಎರಡು ಮೀಟರ್ ಉದ್ದಗಲದ ತಗ್ಗಿಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಜರಡಿ ಹಿಡಿದ 10ರಿಂದ 15 ಕಿಲೋ ಮಣ್ಣು ಹರಡಿ, ಎರಡು ಕಿಲೋ ಸಗಣಿ ಮತ್ತು 30 ಗ್ರಾಂ ಸೂಪರ್ ಫಾಸ್ಫೇಟನ್ನು ನೀರಿನಲ್ಲಿ ಕದಡಿ ಸುರಿದು, ನೀರಿನ ಮಟ್ಟವನ್ನು ಹತ್ತು ಸೆಂಟಿಮೀಟರಿಗೆ ಏರಿಸಿ, ಮೇಲೆ ಅರ್ಧದಿಂದ ಒಂದು ಕಿಲೋ ಅಜೋಲಾ ಹರಡಿದರೆ, ಹತ್ತು ಹದಿನೈದು ದಿನಗಳಲ್ಲಿ ನೀರು ಕಾಣದಂತೆ ಹಸಿರು ಮುಚ್ಚುತ್ತದೆ. ಆಮೇಲೆ ದಿನಕ್ಕೆ ಸುಮಾರು ಅರ್ಧ ಕಿಲೋ ಹಸಿ ಅಜೋಲಾವನ್ನು ತೆಗೆಯಬಹುದು.

ಅಜೋಲಾದಲ್ಲಿ ಶೇ. 20ರಿಂದ 25ರಷ್ಟು ಪ್ರೋಟೀನ್ ಇದೆಯೆಂದು ಕರಪತ್ರಗಳು ಹೇಳುವುದು ಸುಳ್ಳಲ್ಲ, ಆದರೆ ಆ ಅಂಕಿ ಒಣ ತೂಕಕ್ಕೆ ಸೇರಿದ್ದು. ಹಸಿ ಅಜೋಲಾದಲ್ಲಿ ಶೇ. 93ಕ್ಕೂ ಹೆಚ್ಚು ನೀರೇ ಇರುವುದರಿಂದ, ಒಂದು ತಗ್ಗಿನಿಂದ ದಿನವೂ ದೊರೆಯುವ ಅರ್ಧ ಕಿಲೋ ಒಣಗಿದರೆ ಉಳಿಯುವುದು ಮೂವತ್ತು ಗ್ರಾಮಿನ ಆಸುಪಾಸು. ಬೆಳೆದ ಗೌಜಲಕ್ಕಿಯೊಂದು ದಿನಕ್ಕೆ ಸುಮಾರು 25 ಗ್ರಾಂ ಆಹಾರ ತಿನ್ನುತ್ತದೆ, ನೂರು ಹಕ್ಕಿಗಳಿಗೆ ಎರಡೂವರೆ ಕಿಲೋ ಬೇಕು, ಅದರಲ್ಲಿ ಶೇ. 5ರಷ್ಟು ಅಜೋಲಾ ಪುಡಿ ಸೇರಿಸುವುದಾದರೆ 125 ಗ್ರಾಂ, ಅಂದರೆ ನಾಲ್ಕು ತಗ್ಗುಗಳ ಇಳುವರಿ. ಈ ಲೆಕ್ಕವನ್ನು ಮೊದಲೇ ಮಾಡದೆ ಒಂದೇ ತಗ್ಗು ತೋಡಿ ಸೋಯಾ ಹಿಂಡಿಯನ್ನು ಕೈಬಿಟ್ಟರೆ ಮರಿಗಳು ಸೊರಗುವುದು ಖಂಡಿತ. ಹಸಿ ಅಜೋಲಾವನ್ನೇ ಹೇರಳವಾಗಿ ಹಾಕುವುದೂ ಪರಿಹಾರವಲ್ಲ, ಏಕೆಂದರೆ ಹಕ್ಕಿಯ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬಿಹೋಗುತ್ತದೆ. ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿದರೆ ಹಳದಿ ವರ್ಣದ್ರವ್ಯಗಳೂ ಹೆಚ್ಚಾಗಿ ಉಳಿಯುತ್ತವೆ. ಮೊಟ್ಟೆಯ ಭಂಡಾರಕ್ಕೆ ಗಾಢ ಬಣ್ಣ ಬರುವುದು ಅವುಗಳಿಂದ.

ನೂರು ಕಿಲೋ ಆಹಾರದಲ್ಲಿ ಐದು ಕಿಲೋ ಅಜೋಲಾ ಪುಡಿ ಒದಗಿಸುವ ಪ್ರೋಟೀನ್ ಸುಮಾರು ಒಂದು ಕಿಲೋ ನೂರು ಗ್ರಾಂ, ಅಂದರೆ ಸರಿಸುಮಾರು ಎರಡೂವರೆ ಕಿಲೋ ಸೋಯಾ ಹಿಂಡಿಯಲ್ಲಿ ಇರುವಷ್ಟು. ಆದ್ದರಿಂದ ಎರಡೂವರೆ ಕಿಲೋ ಸೋಯಾ ಮತ್ತು ಅಷ್ಟೇ ತೌಡನ್ನು ಕಡಿಮೆ ಮಾಡಿ ಅಜೋಲಾಕ್ಕೆ ಜಾಗ ಮಾಡುವುದು ವಿವೇಕದ ಕ್ರಮ. ಉಳಿತಾಯ ದೊಡ್ಡದಲ್ಲ, ಆದರೆ ನೂರಿನ್ನೂರು ಹಕ್ಕಿ ಸಾಕುವ ಕುಟುಂಬಕ್ಕೆ ಅದು ತಿಂಗಳು ತಿಂಗಳೂ ಕೈಯಲ್ಲಿ ಉಳಿಯುವ ಹಣ. ಶೇ. 10ನ್ನು ಮೀರಿದರೆ ತೊಡಕುಗಳು ಹೆಚ್ಚುತ್ತವೆ: ಅಜೋಲಾದಲ್ಲಿ ನಾರು ಮತ್ತು ಬೂದಿಯ ಅಂಶ ಅಧಿಕ, ಶಕ್ತಿ ಕಡಿಮೆ, ಮತ್ತು ಹಸುವಿನಂತೆ ನಾರನ್ನು ಹುದುಗಿಸಿ ಅರಗಿಸಿಕೊಳ್ಳುವ ಹೊಟ್ಟೆ ಹಕ್ಕಿಗಿಲ್ಲ. ಗರಿಗಳ ಬೆಳವಣಿಗೆಗೆ ಅಗತ್ಯವಾದ ಮಿಥಿಯೋನಿನ್ ಎಂಬ ಅಮೈನೋ ಆಮ್ಲವೂ, ಅಂದರೆ ಪ್ರೋಟೀನನ್ನು ಕಟ್ಟುವ ಘಟಕಗಳಲ್ಲೊಂದೂ, ಇದರಲ್ಲಿ ಸಾಲದು. ಅದನ್ನು ಬೇರೆಯಾಗಿ ಬೆರೆಸಬೇಕಾಗುತ್ತದೆ. ಅತ್ಯಂತ ಸಾಂದ್ರವಾದ ಆಹಾರ ಬೇಕಾದ ಮೊದಲ ಎರಡು ವಾರಗಳ ಮರಿಗಳಿಗೆ ಅಜೋಲಾ ಕೊಡದಿರುವುದೇ ಲೇಸು.

ಅಜೋಲಾವನ್ನು ಎಲ್ಲಿಂದ ತರಲಾಗುತ್ತದೆ ಎಂಬುದು ಇವೆಲ್ಲಕ್ಕಿಂತ ಗಂಭೀರವಾದ ವಿಷಯ. ನೀರಿನಲ್ಲಿರುವ ಸೀಸ, ಕ್ಯಾಡ್ಮಿಯಂಗಳಂಥ ಭಾರಲೋಹಗಳನ್ನು ಈ ಗಿಡ ಹೀರಿ ತನ್ನೊಳಗೆ ಕೂಡಿಡುತ್ತದೆ. ಕೊಳಚೆ ನೀರನ್ನು ಶುದ್ಧಗೊಳಿಸಲು ಅದನ್ನು ಬಳಸುವ ಪ್ರಯತ್ನಗಳು ನಡೆದಿರುವುದು ಈ ಗುಣದಿಂದಲೇ, ಆದರೆ ಆಹಾರದ ವಿಷಯದಲ್ಲಿ ಅದೇ ಗುಣ ಅಪಾಯವಾಗುತ್ತದೆ. ನಗರದ ಚರಂಡಿ ಮತ್ತು ಕಾರ್ಖಾನೆಗಳ ನೀರು ಸೇರುವ ಕೆರೆಗಳಲ್ಲಿ ತೇಲುವ ಅಜೋಲಾವನ್ನು ಪುಕ್ಕಟೆ ಸಿಗುತ್ತದೆಂದು ತಂದು ಹಕ್ಕಿಗಳಿಗೆ ಹಾಕಿದರೆ, ಆ ಲೋಹಗಳು ಮಾಂಸ ಮತ್ತು ಮೊಟ್ಟೆಯ ಮೂಲಕ ಮನುಷ್ಯರ ತಟ್ಟೆಗೆ ಬರಬಹುದು. ಆಹಾರಕ್ಕೆ ಬಳಸುವ ಅಜೋಲಾವನ್ನು ಶುದ್ಧ ನೀರಿನ ತಗ್ಗಿನಲ್ಲಿಯೇ ಬೆಳೆದು, ಸಗಣಿಯ ವಾಸನೆ ಹೋಗುವವರೆಗೆ ಜರಡಿಯಲ್ಲಿಟ್ಟು ತೊಳೆದು, ನಂತರವೇ ಒಣಗಿಸಬೇಕು.