ಹಳೇ ಪಿಕಪ್, 2,000 ಕಿಲೋಮೀಟರ್ ಮತ್ತು ಒಂದು ಗಂಟೆ

ಇವತ್ತಿನ ವಿಷಯ ಒಂದು ಸರಳ ಪ್ರಶ್ನೆಯಿಂದ ಶುರು ಮಾಡೋಣ. ಸ್ಕಾಟ್ಲೆಂಡಿನ ರೈತರು ತಮ್ಮ ಹಳೇ ಪಿಕಪ್ ಗಾಡಿಗಳನ್ನ ಉಕ್ರೇನಿಗೆ ದಾನ ಮಾಡ್ತಾರೆ. ಬರೀ ದಾನ ಅಲ್ಲ, ರಜೆ ಹಾಕಿ, ಸಾಲಾಗಿ ಓಡಿಸಿಕೊಂಡು ಹೋಗಿ ಕೊಟ್ಟು ಬರ್ತಾರೆ. 'ಪಿಕಪ್ಸ್ ಫಾರ್ ಪೀಸ್' ಅನ್ನೋ ಗುಂಪು ಇದೇ ಕೆಲಸ ಮಾಡುತ್ತೆ. ಆ ಗಾಡಿ ಮಾರಿ ದುಡ್ಡು ಕಳಿಸಿದ್ರೆ ಆಗ್ತಿರಲಿಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು.

ಉತ್ತರ ತಿಳಿಬೇಕಂದ್ರೆ ಮೊದಲು ರಕ್ತದ ಲೆಕ್ಕ ನೋಡಬೇಕು. ತೊಡೆಯ ದೊಡ್ಡ ರಕ್ತನಾಳ ತುಂಡಾದ್ರೆ ಕೆಲವೇ ನಿಮಿಷದಲ್ಲಿ ಜೀವ ಹೋಗಬಹುದು. ಅದಕ್ಕೆ ಟೂರ್ನಿಕೇ ಅಂತ ಒಂದು ಪಟ್ಟಿ ಇದೆ. ಗಾಯದ ಮೇಲ್ಭಾಗದಲ್ಲಿ ಕಟ್ಟಿ, ಅದರಲ್ಲಿರೋ ಕಡ್ಡಿ ತಿರುಗಿಸಿ ಬಿಗಿ ಮಾಡಿದ್ರೆ ರಕ್ತ ನಿಲ್ಲುತ್ತೆ. ಆದ್ರೆ ಅಲ್ಲಿಂದ ಇನ್ನೊಂದು ಗಡಿಯಾರ ಶುರುವಾಗುತ್ತೆ. ಸುಮಾರು ಎರಡು ಗಂಟೆ ದಾಟಿದ ಮೇಲೆ ಕಾಲಿನ ಸ್ನಾಯು, ನರಗಳಿಗೆ ಅಪಾಯ ಹೆಚ್ಚುತ್ತಾ ಹೋಗುತ್ತೆ. ಅಂದ್ರೆ ಆ ಪಟ್ಟಿಯೊಂದೇ ಸಾಲದು, ಅದು ಸ್ವಲ್ಪ ಸಮಯ ಕೊಡುತ್ತೆ ಅಷ್ಟೇ. ಆ ಸಮಯದೊಳಗೆ ಗಾಯಾಳುವನ್ನ ಸರ್ಜನ್ ಹತ್ತಿರ ತಲುಪಿಸೋಕೆ ಗಾಡಿ ಬೇಕು.

2009ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್, ಅಫ್ಘಾನಿಸ್ತಾನದಲ್ಲಿ ಗಾಯಗೊಂಡವರನ್ನ 60 ನಿಮಿಷದೊಳಗೆ ಆಸ್ಪತ್ರೆಗೆ ಮುಟ್ಟಿಸಬೇಕು ಅಂತ ನಿಯಮ ಮಾಡಿದ್ರು. ಅಲ್ಲಿ ಆಕಾಶ ಅವರ ಕೈಲಿತ್ತು, ಹೆಲಿಕಾಪ್ಟರ್ ಬರ್ತಿತ್ತು. ಉಕ್ರೇನಿನ ಯುದ್ಧರಂಗದಲ್ಲಿ ಹೆಲಿಕಾಪ್ಟರ್ ಬಂದ್ರೆ ಹೊಡೆದು ಹಾಕ್ತಾರೆ. ಹಾಗಾಗಿ ಕೆಸರು, ಹೊಲ, ಗುಂಡಿಬಿದ್ದ ರಸ್ತೆಯಲ್ಲೇ ಬರಬೇಕು. ಅದಕ್ಕೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಪಿಕಪ್ಪೇ ಆಗಬೇಕು. ಹೈಲಕ್ಸ್, ಎಲ್200 ಥರದವು. ಡ್ರೋನ್ ಹಾರಾಡೋ ಜಾಗದಲ್ಲಿ ಇಂಥ ಗಾಡಿ ಬಹಳ ದಿನ ಬಾಳೋದಿಲ್ಲ. ಅಲ್ಲಿ ಪಿಕಪ್ ಅಂದ್ರೆ ಆಸ್ತಿ ಅಲ್ಲ, ಬ್ಯಾಂಡೇಜ್ ಥರ ಬಳಸಿ ಮುಗಿದು ಹೋಗೋ ಸಾಮಾನು. ಅದಕ್ಕೇ ಬೇಡಿಕೆ ನಿಲ್ಲೋದೇ ಇಲ್ಲ.

ಸರಿ, ಓಡಿಸಿಕೊಂಡೇ ಯಾಕೆ ಹೋಗಬೇಕು? 2022ರ ಫೆಬ್ರವರಿ 24ರಿಂದ ಉಕ್ರೇನಿನ ಆಕಾಶ ನಾಗರಿಕ ವಿಮಾನಗಳಿಗೆ ಮುಚ್ಚಿದೆ. ಟ್ರಕ್ ಮೇಲೆ ಹೇರಿ ಕಳಿಸಿದ್ರೆ ಅದರ ಬಾಡಿಗೆ ಬೇರೆ. ಓಡಿಸಿದ್ರೆ ಗಾಡಿ ತಾನೂ ಹೋಗುತ್ತೆ, ಹಿಂದಿನ ಡಾಲಾದಲ್ಲಿ ಔಷಧಿ, ಸ್ಟ್ರೆಚರ್, ಜನರೇಟರನ್ನೂ ಹೊತ್ತುಕೊಂಡು ಹೋಗುತ್ತೆ. ಲಂಡನ್ನಿನಿಂದ ಎಲ್ವಿವ್‌ಗೆ ಸುಮಾರು 2,000 ಕಿಲೋಮೀಟರ್. ಇಂಗ್ಲಿಷ್ ಕಾಲುವೆ ದಾಟಿ, ಬೆಲ್ಜಿಯಂ, ಜರ್ಮನಿ, ಪೋಲೆಂಡ್ ಮೂಲಕ ಎರಡು ಮೂರು ದಿನ. ಬ್ರಿಟನ್ ಗಾಡಿಗೆ ನಮ್ಮ ಹಾಗೆ ಬಲಗಡೆ ಸ್ಟೀರಿಂಗ್, ಯುರೋಪಿನ ರಸ್ತೆಯಲ್ಲಿ ಹೋಗೋದೂ ಬಲಗಡೆ. ಓವರ್‌ಟೇಕ್ ಮಾಡುವಾಗ ಡ್ರೈವರಿಗೆ ಎದುರಿಂದ ಏನು ಬರ್ತಿದೆ ಅಂತ ಕಾಣೋದೇ ಇಲ್ಲ. ಪಕ್ಕದಲ್ಲಿ ಕೂತವರು ನೋಡಿ 'ಹ್ಞಾ, ಹೋಗು' ಅನ್ನಬೇಕು.

ಗಡಿಯಲ್ಲಿ ಕಾಗದಪತ್ರದ ಕೆಲಸ. ಗಾಡಿ ಯಾರಿಗೆ ಸೇರಬೇಕು ಅಂತ ಮೊದಲೇ ಗೊತ್ತಾಗಿರಬೇಕು, ಒಳಗಿರೋ ಸಾಮಾನಿನ ಪಟ್ಟಿ ಬೇಕು. ಗಡಿಯಿಂದ ಎಲ್ವಿವ್ ಸುಮಾರು 70 ಕಿಲೋಮೀಟರ್. ಅಲ್ಲಿ ಕೀ ಕೊಟ್ಟು, ಬಸ್ಸಿನಲ್ಲಿ ಪೋಲೆಂಡಿಗೆ ವಾಪಸ್ ಬಂದು ವಿಮಾನ ಹಿಡೀತಾರೆ. ಮುಂದೆ ಪೂರ್ವದ ಖಾರ್ಕಿವ್ ಕಡೆಗೆ ಇನ್ನೂ ಸಾವಿರ ಕಿಲೋಮೀಟರ್ ಇದೆ. ಆ ಭಾಗ ಹೆಚ್ಚಾಗಿ ಉಕ್ರೇನಿನವರೇ ನೋಡ್ಕೋತಾರೆ.

ಇಲ್ಲಿ ಒಂದು ಮಾತು ಮುಚ್ಚಿಡಬಾರದು. ಆಸ್ಪತ್ರೆಗೆ ಕೊಟ್ಟ ಆಂಬುಲೆನ್ಸಿಗೂ ಸೈನ್ಯದ ತುಕಡಿಗೆ ಕೊಟ್ಟ ಪಿಕಪ್ಪಿಗೂ ವ್ಯತ್ಯಾಸ ಇದೆ. ಆಂಬುಲೆನ್ಸಿಗೆ ಜಿನೀವಾ ಒಪ್ಪಂದದ ರಕ್ಷಣೆ ಇದೆ, ಆದ್ರೂ ಅವುಗಳ ಮೇಲೆ ದಾಳಿ ಆಗಿದೆ. ಸೈನ್ಯದ ಪಿಕಪ್ಪಿಗೆ ಆ ರಕ್ಷಣೆಯೂ ಇಲ್ಲ. ಅದು ಬೆಳಿಗ್ಗೆ ಗಾಯಾಳುವನ್ನ ತರಬಹುದು, ಸಂಜೆ ಮದ್ದುಗುಂಡು ಒಯ್ಯಬಹುದು. ಕೊಡೋರು ಇದನ್ನ ತಿಳಿದೇ ಕೊಡಬೇಕು. ಅಪಾಯವೂ ಸುಳ್ಳಲ್ಲ. 2023ರ ಜನವರಿಯಲ್ಲಿ ಸೊಲೆದಾರ್ ಕಡೆ ವಯಸ್ಸಾದ ಹೆಂಗಸೊಬ್ಬರನ್ನ ಕರೆತರೋಕೆ ಹೋದ ಇಬ್ಬರು ಬ್ರಿಟಿಷ್ ಸ್ವಯಂಸೇವಕರು ಜೀವ ಕಳ್ಕೊಂಡ್ರು.

ಇನ್ನು ಲಂಡನ್ ಕಥೆ. ಹೊಗೆ ಜಾಸ್ತಿ ಬಿಡೋ ಗಾಡಿಗಳಿಗೆ ಅಲ್ಲಿ ದಿನದ ಶುಲ್ಕ ಇದೆ. 2023ರ ಆಗಸ್ಟಿನಲ್ಲಿ ಅದು ಇಡೀ ಲಂಡನ್ನಿಗೆ ಬಂತು. ಹಳೇ ಗಾಡಿ ಗುಜರಿಗೆ ಹಾಕಿದ್ರೆ ಪರಿಹಾರ ಸಿಗ್ತಿತ್ತು. 'ಗುಜರಿಗೆ ಯಾಕೆ, ನಮಗೆ ಕೊಡಿ' ಅಂತ ಕೀವ್ ಮೇಯರ್ ಕ್ಲಿಚ್ಕೊ ಕೇಳಿದ್ರು. ಮೊದಲು ನಿಯಮ ಅಡ್ಡ ಬಂತು. ಕೊನೆಗೆ 2024ರಲ್ಲಿ, ಪರಿಹಾರ ಪಡೆದೂ ಗಾಡಿಯನ್ನ ಉಕ್ರೇನಿಗೆ ಕೊಡೋ ದಾರಿ ತೆರೀತು. ಒಂದು ಊರಿಗೆ ಗುಜರಿ, ಇನ್ನೊಂದು ಊರಿಗೆ ಜೀವ.

ನಮಗೂ ಆ ರಸ್ತೆ ಪೂರ್ತಿ ಅಪರಿಚಿತ ಅಲ್ಲ. 2022ರ ಮಾರ್ಚ್ 1ರಂದು ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದ. ಅದೇ ದಿನಗಳಲ್ಲಿ ನಮ್ಮ ಎಷ್ಟೋ ಮಕ್ಕಳು ಎಲ್ವಿವ್‌ನಿಂದ ಪೋಲೆಂಡ್ ಗಡಿಗೆ ಚಳಿಯಲ್ಲಿ ನಡೆದು ಬಂದ್ರು. ಈ ಗಾಡಿಗಳು ಹೋಗೋದು ಅದಕ್ಕೆ ಎದುರು ದಿಕ್ಕಿನಲ್ಲಿ.

ಇದನ್ನೆಲ್ಲ ಓದುವಾಗ ನನಗೆ ನಮ್ಮದೇ ಒಂದು ತಪ್ಪು ನೆನಪಾಯ್ತು. 2019ರ ಆಗಸ್ಟ್ ಪ್ರವಾಹ. ಹೈವೇ ತೆರೆದ ಮೇಲೆ ನಾವೊಂದಿಷ್ಟು ಜನ ಪುಣೆಯಿಂದ ಟೆಂಪೋ ತುಂಬ ಹಳೇ ಬಟ್ಟೆ ಹಾಕ್ಕೊಂಡು ಬೆಳಗಾವಿ ಕಡೆ ಒಂದು ಹಳ್ಳಿಗೆ ಹೋದ್ವಿ. ಅಲ್ಲಿ ಹಿರಿಯರೊಬ್ಬರು ಟೆಂಪೋ ಒಳಗೆ ಇಣುಕಿ, 'ಬಟ್ಟಿ ಭಾಳ ಬಂದಾವ್ರಿ ತಮ್ಮಾ, ದನಕ್ಕ ಮೇವು ಇಲ್ರಿ' ಅಂದ್ರು. ಒಂದು ಫೋನ್ ಮಾಡಿ ಕೇಳಿದ್ರೆ ಸಾಕಿತ್ತು. ನಾವು ಕೇಳಿರಲಿಲ್ಲ.

ಪಿಕಪ್ ಕೊಂಡೊಯ್ಯೋರು ಮೊದಲು ಮಾಡೋ ಕೆಲಸ ಅದೇ. ಏನು ಬೇಕು, ಯಾರಿಗೆ ಬೇಕು ಅಂತ ಕೇಳ್ತಾರೆ. ಅಗ್ಗಕ್ಕೆ ಸಿಗುತ್ತೆ ಅಂತ ನಕಲಿ ಟೂರ್ನಿಕೇ ಒಯ್ದರೆ, ಬಿಗಿ ಮಾಡುವಾಗ್ಲೇ ಕಡ್ಡಿ ಮುರಿಯುತ್ತೆ. ನಮ್ಮ ಹತ್ರ ಹೆಚ್ಚಾಗಿರೋದನ್ನ ಕೊಡೋದು ಬೇರೆ, ಅವರಿಗೆ ಬೇಕಾಗಿರೋದನ್ನ ಅವರ ಕೈಗೇ ಮುಟ್ಟಿಸೋದು ಬೇರೆ. ದುಡ್ಡು ಮುಖ್ಯ, ಸಂಶಯ ಇಲ್ಲ. ಆದ್ರೆ ಕೊನೇ ಮೈಲಿಯಲ್ಲಿ ಯಾರಾದ್ರೂ ಸ್ಟೀರಿಂಗ್ ಹಿಡೀಲೇಬೇಕು.

ನೀವೂ ನಿಮ್ಮೂರಿಗೆ ಹೀಗೆ ಏನಾದ್ರೂ ತಗೊಂಡು ಹೋಗಿದ್ರೆ, ಏನು ಸರಿಯಾಯ್ತು, ಏನು ತಪ್ಪಾಯ್ತು ಅಂತ ಬರೆದು ತಿಳಿಸಿ. ಮತ್ತೆ ಸಿಗೋಣ.