ಉರಕಾಮಿಯ ಗುಪ್ತ ಭಕ್ತರು

ಗೋವೆಯಲ್ಲಿ ಯಾರ ಪಾರ್ಥಿವ ಶರೀರದ ದರ್ಶನಕ್ಕೆಂದು ನಮ್ಮ ಕರಾವಳಿಯ ಕ್ರೈಸ್ತರು ಇಂದಿಗೂ ಭಕ್ತಿಯಿಂದ ಹೋಗಿಬರುವರೋ, ಆ ಸಂತ ಫ್ರಾನ್ಸಿಸ್ ಕ್ಸೇವಿಯರನು 1549ರಲ್ಲಿ ಜಪಾನಿನ ಕಾಗೊಶಿಮಾ ಬಂದರಿನಲ್ಲಿ ಇಳಿದಾಗ, ತಾನು ಬಿತ್ತಲಿರುವ ವಿಶ್ವಾಸಕ್ಕೆ ಆ ನಾಡಿನ ಬಡ ಬೇಸಾಯಗಾರರು ಮುಂದೆ ಎಂತಹ ಬೆಲೆಯನ್ನು ತೆರಬೇಕಾದೀತೆಂಬುದನ್ನು ಊಹಿಸಿರಲಾರನು. 1597ರಲ್ಲಿ ನಾಗಸಾಕಿಯ ಗುಡ್ಡವೊಂದರ ಮೇಲೆ 26 ಮಂದಿ ಕ್ರೈಸ್ತರನ್ನು ಶಿಲುಬೆಗೇರಿಸಿದರು. ಅವರಲ್ಲಿ ಮುಂಬಯಿ ಬಳಿಯ ವಸಾಯಿಯಲ್ಲಿ ಜನಿಸಿದ ಗೊನ್ಸಾಲೊ ಗಾರ್ಸಿಯಾನೂ ಒಬ್ಬನು. 1614ರಲ್ಲಿ ಷೋಗುನರೆಂಬ ಸೇನಾಧಿಪತಿಗಳ ಸರ್ಕಾರವು ಕ್ರೈಸ್ತ ಮತವನ್ನು ದೇಶದಾದ್ಯಂತ ನಿಷೇಧಿಸಿತು.

ಪ್ರಾಣವನ್ನೊಪ್ಪಿಸಿದ ಹುತಾತ್ಮರ ಕೀರ್ತಿ ಲೋಕವಿದಿತವಾದುದು. ಆದರೆ ಬದುಕುಳಿದು ವಿಶ್ವಾಸವನ್ನು ಕಾಯ್ದುಕೊಂಡವರು ತೆತ್ತ ಬೆಲೆಯೇ ಹೆಚ್ಚು ದಾರುಣವೆಂದು ನನಗೆ ತೋರುತ್ತದೆ. ನಾಗಸಾಕಿಯ ಸುತ್ತಣ ಹಳ್ಳಿಗಳಲ್ಲಿ ಕ್ರಿಸ್ತನ ಅಥವಾ ಮರಿಯಮ್ಮನ ಉಬ್ಬುಚಿತ್ರವುಳ್ಳ ಫಲಕವೊಂದನ್ನು ನೆಲದ ಮೇಲಿರಿಸಿ, ಆಬಾಲವೃದ್ಧರೆಲ್ಲರೂ ಅದರ ಮೇಲೆ ಕಾಲಿಟ್ಟು ನಡೆಯುವಂತೆ ವರ್ಷವರ್ಷವೂ ಅಧಿಕಾರಿಗಳು ನಿರ್ಬಂಧಪಡಿಸುತ್ತಿದ್ದರು. ಫುಮಿಯೆ ಎಂದು ಆ ಫಲಕದ ಹೆಸರು. ತುಳಿಯದವರಿಗೆ ಸೆರೆ, ಚಿತ್ರಹಿಂಸೆ, ಮರಣ; ತುಳಿದವರು ಮನೆಗೆ ಮರಳಿ, ಬಾಗಿಲಿಕ್ಕಿ, ಕೊಂಚಿರಿಸಾನ್ ಎಂಬ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಪಿಸುದನಿಯಲ್ಲಿ ಹೇಳಿಕೊಂಡು, ಬರುವ ವರ್ಷ ಮತ್ತೆ ತುಳಿಯಬೇಕೆಂಬುದನ್ನು ಅರಿತೇ ಬಾಳುತ್ತಿದ್ದರು. ತಾನು ಆರಾಧಿಸುವ ಮುಖವನ್ನು ತನ್ನ ಪಾದದಿಂದಲೇ ಸೋಕಬೇಕಾದ ತಾಯಿಯು, ಆ ರಾತ್ರಿ ಮಗುವಿಗೆ ಏನೆಂದು ಹೇಳಿ ಸಂತೈಸಿದಳೋ! ಇಂಥವರನ್ನು ಅಂಜುಬುರುಕರೆನ್ನಲು ನನ್ನ ನಾಲಗೆ ಏಳದು.

ಪಾದ್ರಿಗಳೆಲ್ಲರೂ ಹತರಾಗಿಯೋ ಗಡೀಪಾರಾಗಿಯೋ ಹೋದ ಮೇಲೆ, ನಾಗಸಾಕಿಯ ಬಳಿಯ ಉರಕಾಮಿಯೆಂಬ ಹಳ್ಳಿಯ ರೈತರು ತಮ್ಮೊಳಗೇ ಒಬ್ಬನು ಕ್ರೈಸ್ತ ಹಬ್ಬಗಳ ಪಂಚಾಂಗವನ್ನು ಕಾಯುವಂತೆಯೂ ಮತ್ತೊಬ್ಬನು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವಂತೆಯೂ ಕಟ್ಟು ಮಾಡಿಕೊಂಡರು. ಮರಿಯಮ್ಮನ ಪ್ರತಿಮೆಯನ್ನು ಬಹಿರಂಗವಾಗಿ ಇಟ್ಟುಕೊಳ್ಳುವಂತಿರಲಿಲ್ಲ. ನಮ್ಮ ಬೌದ್ಧರ ಅವಲೋಕಿತೇಶ್ವರನು ಆ ನಾಡಿನಲ್ಲಿ ಕಾನ್ನೊನ್ ಎಂಬ ಕರುಣಾದೇವತೆಯಾಗಿ ಪೂಜೆಗೊಳ್ಳುವುದುಂಟಷ್ಟೆ. ಮಗುವನ್ನೆತ್ತಿಕೊಂಡ ಅವಳ ಪಿಂಗಾಣಿಯ ಮೂರ್ತಿಯಲ್ಲಿಯೇ ಅವರು ಮರಿಯಮ್ಮನನ್ನು ಕಂಡರು.

ಹೀಗೆ ಇನ್ನೂರೈವತ್ತು ವರ್ಷಗಳು ಸಂದವು. ವಿದೇಶೀಯರಿಗಾಗಿ ನಾಗಸಾಕಿಯ ಔರಾದಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಗೆ 1865ರ ಮಾರ್ಚ್ 17ರಂದು ಉರಕಾಮಿಯ ಕೆಲವರು ಬಂದರು. ಅವರಲ್ಲೊಬ್ಬ ಹೆಂಗಸು ಫ್ರೆಂಚ್ ಪಾದ್ರಿ ಪೆತಿಜಾನನ ಬಳಿಸಾರಿ, ತಮ್ಮೆಲ್ಲರ ಹೃದಯವೂ ಅವನ ಹೃದಯದಂತೆಯೇ ಇದೆಯೆಂದು ಮೆಲ್ಲನೆ ನುಡಿದು, ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದಳು.

ಗುಟ್ಟು ರಟ್ಟಾದುದಕ್ಕೂ ಬೆಲೆ ತೆರಬೇಕಾಯಿತು. 1867ರಲ್ಲಿ ಬೌದ್ಧ ಪುರೋಹಿತನಿಲ್ಲದೆಯೇ ತಮ್ಮವರ ಶವಸಂಸ್ಕಾರ ನಡೆಸಿದುದೇ ನೆಪವಾಗಿ ಬಂಧನಗಳು ತೊಡಗಿ, ಮರುವರ್ಷದಿಂದ, ಷೋಗುನರ ಬಳಿಕ ಬಂದ ಮೇಯಿಜಿ ಸರ್ಕಾರವು ಆ ಹಳ್ಳಿಯ ಮೂರು ಸಾವಿರಕ್ಕೂ ಮಿಕ್ಕ ಜನರನ್ನು ದೂರದೂರದ ಸೀಮೆಗಳಿಗೆ ಚದುರಿಸಿತು; ಆರುನೂರಕ್ಕೂ ಹೆಚ್ಚು ಮಂದಿ ಅಲ್ಲಿಯೇ ಅಸುನೀಗಿದರು. 1873ರಲ್ಲಿ ನಿಷೇಧ ಸಡಿಲಿ, ಉಳಿದವರು ಹಾಳುಬಿದ್ದ ಮನೆಗಳಿಗೆ ಹಿಂದಿರುಗಿದರು. ಕೆಲವು ವರ್ಷಗಳ ಬಳಿಕ, ಬಡತನದ ನಡುವೆಯೂ ಹಣ ಕೂಡಿಸಿ ಅವರು ಇಗರ್ಜಿಗೆಂದು ಕೊಂಡ ನಿವೇಶನವು ಊರ ಮುಖಂಡನ ಹಳೆಯ ಮನೆಯದು: ತಾವೂ ತಮ್ಮ ಹಿರಿಯರೂ ವರ್ಷವರ್ಷವೂ ಆ ಫಲಕವನ್ನು ತುಳಿದ ಸ್ಥಳ.