ತೆರೆಯಬಹುದು, ಮುಚ್ಚಲಾಗದು: ಫ್ಯಾನ್ ರೆಗ್ಯುಲೇಟರಿನೊಳಗಿನ ಟ್ರಯಾಕ್

‘ಸಿಡಿಲು ಹೊಡೆದ ರಾತ್ರಿಯಿಂದ ಫ್ಯಾನಿನ ವೇಗ ತಗ್ಗುತ್ತಲೇ ಇಲ್ಲ. ರೆಗ್ಯುಲೇಟರ್ ಎಷ್ಟು ತಿರುಗಿಸಿದರೂ ಫುಲ್ ಸ್ಪೀಡು. ಫ್ಯಾನ್ ಕೆಟ್ಟಿತೇ?’ ಆಲೂರು ಕಡೆಯ ಓದುಗರೊಬ್ಬರ ಪ್ರಶ್ನೆ.

ಫ್ಯಾನ್ ಚೆನ್ನಾಗಿಯೇ ಇದೆ, ಕೆಟ್ಟಿರುವುದು ಬಹುಶಃ ರೆಗ್ಯುಲೇಟರಿನೊಳಗಿನ ಟ್ರಯಾಕ್. ಸಿಡಿಲಿನ ಹೊತ್ತಿಗೆ ಲೈನಿನಲ್ಲಿ ನುಗ್ಗುವ ವೋಲ್ಟೇಜಿಗೆ ಸಿಕ್ಕಿದ ಟ್ರಯಾಕ್ ಸಾಮಾನ್ಯವಾಗಿ ಶಾರ್ಟ್ ಆಗುತ್ತದೆ. ಆಮೇಲೆ ಕರೆಂಟಿಗೆ ತಡೆಯೇ ಇಲ್ಲ.

ಟ್ರಯಾಕ್ ಎಂದರೆ ಅಲುಗಾಡುವ ಭಾಗವೇ ಇಲ್ಲದ, ಸಿಲಿಕಾನ್ ಪದರಗಳ ಸ್ವಿಚ್ಚು. ಗೇಟ್ ಎಂಬ ಕಾಲಿಗೆ ಪುಟ್ಟ ಕರೆಂಟು ಕೊಟ್ಟರೆ ತೆರೆದುಕೊಳ್ಳುತ್ತದೆ. ತೆರೆದ ಮೇಲೆ ಗೇಟಿನ ಮಾತು ಕೇಳುವುದಿಲ್ಲ. ಮಲೆನಾಡಿನವರಿಗೆ ಇದನ್ನು ಬೇಲಿಯ ಗಳಬಾಗಿಲಾದ ದಣಪೆಯಿಂದ ಹೇಳಬಹುದು. ಗಳ ಸರಿಸಿ ದನಗಳು ನುಗ್ಗತೊಡಗಿದರೆ ನಡುವೆ ಗಳ ಹಾಕಲು ಬರುವುದಿಲ್ಲ. ಹಿಂಡು ಪೂರ್ತಿ ದಾಟಬೇಕು. ಬ್ಯಾಟರಿಯ ಕರೆಂಟು ಕೊನೆಯಿಲ್ಲದ ಹಿಂಡು. ನಮ್ಮ ಮನೆಯ 230 ವೋಲ್ಟ್, 50 ಹರ್ಟ್ಸ್ ಕರೆಂಟು ಹಾಗಲ್ಲ, ಸೆಕೆಂಡಿಗೆ 100 ಸಲ ಸೊನ್ನೆಗಿಳಿಯುತ್ತದೆ. ಪ್ರತಿ ಸೊನ್ನೆಯಲ್ಲೂ ಟ್ರಯಾಕ್ ತಾನೇ ಮುಚ್ಚಿಕೊಳ್ಳುತ್ತದೆ. ಮತ್ತೆ ಯಾವಾಗ ತೆರೆಯಬೇಕು ಎಂಬುದಷ್ಟೇ ರೆಗ್ಯುಲೇಟರಿನ ಕೆಲಸ. ಸೊನ್ನೆಯಿಂದ ಸೊನ್ನೆಗೆ ಸಿಗುವುದು 10 ಮಿಲಿಸೆಕೆಂಡ್. ಬೇಗ ತೆರೆದರೆ ಫ್ಯಾನ್ ಜೋರು, ತಡವಾಗಿ ತೆರೆದರೆ ನಿಧಾನ. ಹಳೆಯ ಕಾಲದ ದಪ್ಪ ರೆಗ್ಯುಲೇಟರುಗಳು ಹೆಚ್ಚಿನ ವಿದ್ಯುತ್ತನ್ನು ಶಾಖವಾಗಿ ಸುಟ್ಟುಹಾಕುತ್ತಿದ್ದವು. ಇಲ್ಲಿ ಆ ನಷ್ಟ ಬಹಳ ಕಡಿಮೆ.

ಗೇಟಿನಿಂದ ಮುಚ್ಚಲಾಗದ ದೋಷವನ್ನೇ ಗುಣವಾಗಿಸಿಕೊಂಡ ಈ ಜಾಣ್ಮೆ ನನಗೆ ಇಂದಿಗೂ ಬೆರಗು. 1957ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಗೋರ್ಡನ್ ಹಾಲ್ ತಂಡ ಇದರ ಅಣ್ಣ ಥೈರಿಸ್ಟರನ್ನು ರೂಪಿಸಿತು. ಅಲ್ಲೇ ಇದ್ದ ಫ್ರ್ಯಾಂಕ್ ಗುಟ್ಜ್‌ವಿಲ್ಲರ್ ಅದನ್ನು ಬಳಕೆಗೆ ತರಲು ದುಡಿದರು. ಥೈರಿಸ್ಟರ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಕೆಲವೇ ವರ್ಷಗಳಲ್ಲಿ ಬಂದ ಟ್ರಯಾಕ್ ಎರಡೂ ದಿಕ್ಕಿಗೆ ಬಿಟ್ಟಿತು.

ಆ ಅಣ್ಣ ಸಕಲೇಶಪುರ, ಆಲೂರಿನ ತೋಟಗಳಲ್ಲೂ ಇದ್ದಾನೆ. ಆನೆ ತಡೆಯುವ ಸೋಲಾರ್ ಬೇಲಿಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಕೆಪ್ಯಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಥೈರಿಸ್ಟರ್ ಒಮ್ಮೆಲೇ ಹೊರಬಿಡುತ್ತದೆ; ಕೆಪ್ಯಾಸಿಟರ್ ಬರಿದಾದಾಗ ತಾನೇ ಮುಚ್ಚುತ್ತದೆ. ಸಾವಿರಾರು ವೋಲ್ಟಿನ ಹೊಡೆತವಾದರೂ ಇರುವುದು ಸೆಕೆಂಡಿನ ಅತಿ ಸಣ್ಣ ಪಾಲು ಮಾತ್ರ. ಮುಂದಿನದಕ್ಕೆ ಸುಮಾರು ಒಂದು ಸೆಕೆಂಡ್ ಬಿಡುವು. ಆ ಬಿಡುವಿನಲ್ಲಿ ಆನೆಯೂ ಮನುಷ್ಯನೂ ಹಿಂದೆ ಸರಿಯಬಹುದು. ಬೇಲಿಗೆ ನೇರವಾಗಿ ಮನೆಯ ಲೈನ್ ಕೊಟ್ಟರೆ ಆ ಬಿಡುವೇ ಇರುವುದಿಲ್ಲ. ಸ್ನಾಯುಗಳು ಸೆಟೆದು, ಹಿಡಿದ ಕೈ ಬಿಡಲಾಗದೆ ಪ್ರಾಣ ಹೋಗಬಹುದು. ಹಾಗೆ ಲೈನ್ ಕೊಡುವುದು ಅಪರಾಧವೂ ಹೌದು.

ಓದುಗರಿಗೆ ಉತ್ತರ: ಹೊಸ ರೆಗ್ಯುಲೇಟರ್ ಹಾಕಿಸಿ, ಅರ್ಥಿಂಗ್ ಪರೀಕ್ಷಿಸಿ, ಬೋರ್ಡಿಗೆ ಸರ್ಜ್ ರಕ್ಷಕ ಜೋಡಿಸಿ. ಟ್ರಯಾಕ್ ಮುಚ್ಚಿದ್ದಾಗಲೂ ಅಲ್ಪ ಕರೆಂಟು ಸೋರುತ್ತದೆ. ಹಾಗಾಗಿ ಕೆಲಸಕ್ಕೆ ಕೈ ಹಾಕುವ ಮೊದಲು ರೆಗ್ಯುಲೇಟರನ್ನು ನಂಬದೆ ಮೇನ್ ಸ್ವಿಚ್ಚನ್ನೇ ಆರಿಸಿ.